ಉಪ್ಪುನೀರಿನ ತೊಟ್ಟಿಯಲ್ಲಿ ಕಾಯಿಲೆ ಬಿದ್ದ ಮೀನು: ಗುರುತು ಮತ್ತು ಚಿಕಿತ್ಸೆ

ಸಾಕಣೆಗಾರ: ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಒಂದು ಮೀನು ಮೇವು ಬಿಟ್ಟು ಮೂಲೆ ಸೇರಿದೆ, ಉಸಿರು ಜೋರಾಗಿದೆ ಎಂದುಕೊಳ್ಳೋಣ. ಮೊದಲು ಹಾಕಬೇಕಾದ ಔಷಧ ಯಾವುದು?

ವೈದ್ಯ: ಔಷಧದ ಸರದಿ ಆಮೇಲೆ, ಮೊದಲು ನೀರನ್ನು ಅಳೆಯಬೇಕು. ಪರೋಪಜೀವಿ ಹತ್ತಿದ ಮೀನೂ ಕೆಟ್ಟ ನೀರಿನಲ್ಲಿರುವ ಮೀನೂ ಹೊರನೋಟಕ್ಕೆ ಒಂದೇ ರೀತಿ ಏದುಸಿರು ಬಿಡುತ್ತವೆ. ಹವಳದ ದಿಬ್ಬದ ಮೀನುಗಳಿಗೆ ಉಷ್ಣಾಂಶ 25ರಿಂದ 27 ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು, ಪಿಎಚ್ 8.1ರಿಂದ 8.4ರವರೆಗೆ ಇರಬೇಕು. ಅಮೋನಿಯಾ ಸೊನ್ನೆಯೇ ಆಗಿರಬೇಕು. ಪಿಎಚ್ ಏರಿದಷ್ಟೂ ಅಮೋನಿಯಾದ ವಿಷಕಾರಿ ರೂಪದ ಪಾಲು ಹೆಚ್ಚುತ್ತದೆ. ಹೀಗಾಗಿ ಸಿಹಿನೀರಿನ ಮೀನು ಹೇಗೋ ತಡೆದುಕೊಳ್ಳುವ ಪ್ರಮಾಣವೂ ಇಲ್ಲಿ ಕಿವಿರನ್ನು ಸುಡುತ್ತದೆ. ನೈಟ್ರೈಟ್‌ನ ಲೆಕ್ಕ ಇದಕ್ಕೆ ತಿರುಗಾಮುರುಗಾ. ಉಪ್ಪುನೀರಿನಲ್ಲಿ ಯಥೇಚ್ಛವಾಗಿರುವ ಕ್ಲೋರೈಡ್, ನೈಟ್ರೈಟ್ ಕಿವಿರಿನ ಮೂಲಕ ರಕ್ತ ಸೇರದಂತೆ ತಡೆಯುತ್ತದೆ.

ಸಾಕಣೆಗಾರ: ಕರಗಿದ ಆಮ್ಲಜನಕ ಅಳೆಯುವ ಸಾಧನ ಎಲ್ಲರ ಮನೆಯಲ್ಲಿರುವುದಿಲ್ಲ.

ವೈದ್ಯ: ಮೀನುಗಳ ನಡವಳಿಕೆಯೇ ಅದನ್ನು ತಿಳಿಸುತ್ತದೆ. ಎಲ್ಲ ಮೀನುಗಳೂ ಒಟ್ಟಿಗೆ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ದೋಷ ಬಹುಪಾಲು ನೀರಿನದು. ಒಂದೆರಡು ಮಾತ್ರ ಹಾಗೆ ಮಾಡುತ್ತಿದ್ದು ಉಳಿದವು ಮೇವಿಗೆ ಮುಗಿಬೀಳುತ್ತಿದ್ದರೆ ರೋಗವೋ, ಜೊತೆಗಾರರ ಕಾಟವೋ ಇರಬೇಕು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಹಿಡಿಯುವುದು 6.8 ಮಾತ್ರ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ ಪಂಪು ನಿಂತರೆ ಈ ಅಂತರ ಬೇಗ ಗೊತ್ತಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪು ಇಂಥ ತೊಟ್ಟಿಯ ಮೊದಲ ಔಷಧ. ನೀರಿನ ಮೂಲವನ್ನೂ ವಿಚಾರಿಸಬೇಕು. ಮಂಗಳೂರಿನಂಥ ಕಡೆ ಸಮುದ್ರದಿಂದಲೇ ನೀರು ತರುವವರಿಗೆ ಮಳೆಗಾಲದಲ್ಲಿ ಸಿಗುವುದು ನದಿಯ ನೀರು ಬೆರೆತು ಉಪ್ಪು ಇಳಿದ ನೀರು. ಒಳನಾಡಿನಲ್ಲಿ ಬೋರ್‌ವೆಲ್ ನೀರಿಗೇ ಉಪ್ಪು ಕಲಸಿದರೆ ಅದರ ನೈಟ್ರೇಟ್, ಗಡಸುತನ ಎಲ್ಲವೂ ತೊಟ್ಟಿ ಸೇರುತ್ತವೆ. ಆರ್‌ಓ ಶುದ್ಧೀಕರಿಸಿದ ನೀರಿಗೆ ಉಪ್ಪು ಬೆರೆಸುವುದೇ ಸರಿ.

ಸಾಕಣೆಗಾರ: ನೀರು ಸರಿಯಿದೆ, ಮೀನು ಮಾತ್ರ ಸೊರಗಿದೆ. ಮುಂದೇನು?

ವೈದ್ಯ: ಕೈ ಹಾಕದೆ ದೂರದಿಂದ ನೋಡುವುದು. ಕಾಲು ನಿಮಿಷ ಕಿವಿರು ಮುಚ್ಚಳ ಎಷ್ಟು ಸಲ ತೆರೆಯಿತೆಂದು ಎಣಿಸಿ ನಾಲ್ಕರಿಂದ ಗುಣಿಸಬೇಕು. ಆ ಸಂಖ್ಯೆಯನ್ನು ಅದೇ ಜಾತಿಯ ಆರೋಗ್ಯವಂತ ಮೀನಿನ ಜೊತೆ ಹೋಲಿಸಬೇಕು. ಒಂದೇ ಬದಿಯ ಕಿವಿರು ಆಡುತ್ತಿದೆಯೇ, ಮೈಯನ್ನು ಕಲ್ಲಿಗೆ ಉಜ್ಜುತ್ತಿದೆಯೇ, ತಲೆ ಕೊಡವುತ್ತಿದೆಯೇ, ಪಂಪಿನ ಹರಿವಿಗೆ ಮುಖಕೊಟ್ಟು ನಿಂತಿದೆಯೇ ಎಂಬುದನ್ನು ಗಮನಿಸಬೇಕು. ಆಮೇಲೆ ತೊಟ್ಟಿಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ಮೀನಿನ ಮೇಲೆ ಓರೆಯಾಗಿ ಬಿಡಬೇಕು. ನೇರ ಬೆಳಕಿನಲ್ಲಿ ಕಾಣದ ಧೂಳು, ಲೋಳೆ, ಉಬ್ಬು ಎಲ್ಲ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಸಾಕಣೆಗಾರ: ಬಿಳಿ ಚುಕ್ಕೆ ಕಂಡರೆ ಅದು ಬಿಳಿಚುಕ್ಕೆ ರೋಗವೇ ತಾನೆ?

ವೈದ್ಯ: ಚುಕ್ಕೆಗಳಲ್ಲಿ ಹಲವು ಬಗೆ. ಮೈಮೇಲೆ ಪುಡಿಯುಪ್ಪು ಉದುರಿಸಿದಂತೆ ಬಿಡಿಬಿಡಿ ಹರಳು ಕಂಡು, ಎರಡು ಮೂರು ದಿನಗಳಲ್ಲಿ ಮಾಯವಾಗಿ, ವಾರ ಹತ್ತು ದಿನ ಬಿಟ್ಟು ಹೆಚ್ಚಾಗಿ ಮರಳಿದರೆ ಅದು ಸಮುದ್ರದ ಬಿಳಿಚುಕ್ಕೆ ರೋಗ. ಸಾಕಣೆಗಾರರ ಬಾಯಲ್ಲಿ ಇದು ಮರೀನ್ ಇಕ್. ಜಪಾನಿನಲ್ಲಿ ಸಿಕಾಮಾ 1937ರಲ್ಲಿ ವಿವರಿಸಿದ ಈ ಪರೋಪಜೀವಿಗೆ ಕ್ರಿಪ್ಟೋಕ್ಯಾರಿಯನ್ ಇರಿಟಾನ್ಸ್ ಎಂಬ ಹೆಸರು ಬಂದದ್ದು 1951ರಲ್ಲಿ. ಚುಕ್ಕೆ ಬಿಡಿಯಾಗಿರದೆ ಹೊಂಬಣ್ಣದ ಧೂಳು ಕುಳಿತಂತಿದ್ದು, ಅದಕ್ಕೂ ಮೊದಲೇ ಉಸಿರು ತೀವ್ರವಾಗಿದ್ದರೆ ವೆಲ್ವೆಟ್, ಅಂದರೆ ಅಮೈಲೂಡಿನಿಯಂ ಒಸೆಲೇಟಂ. ಅದು ಮೊದಲು ಕಿವಿರಿಗೆ ನುಗ್ಗುವುದರಿಂದ ಧೂಳು ಕಣ್ಣಿಗೆ ಬೀಳುವ ಮುಂಚೆಯೇ ಮೀನು ಸಾಯಬಹುದು. ಕ್ಲೌನ್ ಮೀನಿನ ತಲೆಯ ಕಡೆಯಿಂದ ಬಿಳಿ ಲೋಳೆ ಪದರ ಪದರವಾಗಿ ಸುಲಿದು ಬರುತ್ತಿದ್ದರೆ ಬ್ರೂಕ್ಲಿನೆಲ್ಲಾ ಹಾಸ್ಟಿಲಿಸ್ ಎಂಬ ಸಿಲಿಯೇಟಿನ ಮೇಲೆ ಅನುಮಾನ ಪಡಬೇಕು. ಈಜುರೆಕ್ಕೆಯ ಅಂಚಿನಲ್ಲಿ ಉಬ್ಬುತಗ್ಗಾದ ಬಿಳಿ ಗಂಟು ಎದ್ದು ವಾರಗಟ್ಟಲೆ ಅದೇ ಜಾಗದಲ್ಲಿ ಉಳಿದರೆ ಅದು ಲಿಂಫೋಸಿಸ್ಟಿಸ್ ಎಂಬ ವೈರಸ್ ಸೋಂಕು. ಮೈ ಉಜ್ಜುತ್ತಾ ಕಣ್ಣು ಮಬ್ಬಾಗಿದ್ದರೆ ಚಪ್ಪಟೆ ಹುಳು, ಅಂದರೆ ಫ್ಲೂಕ್, ಇರಬಹುದು. ನೀಲಿಹಸಿರು ಕ್ರೋಮಿಸ್‌ನಂಥ ಮೀನುಗಳ ಪಕ್ಕೆಯಲ್ಲಿ ಕೆಂಪು ಹುಣ್ಣು ಕಂಡರೆ ಯುರೋನೀಮಾ ಇರಬಹುದು.

ಸಾಕಣೆಗಾರ: ಕಣ್ಣಳತೆಯ ಈ ಗುರುತುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ವೈದ್ಯ: ಔಷಧ ಆರಿಸಲು ಬಹಳ ಸಲ ಸಾಕಾಗುತ್ತದೆ, ಖಚಿತವಾಗಲು ಸೂಕ್ಷ್ಮದರ್ಶಕ ಬೇಕು. ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಕವರ್‌ಸ್ಲಿಪ್ಪಿನ ಅಂಚಿನಿಂದ ತಲೆಯಿಂದ ಬಾಲದ ಕಡೆಗೆ ಹಗುರವಾಗಿ ಲೋಳೆ ಸವರಿ, ತೊಟ್ಟಿಯದೇ ಒಂದು ಹನಿ ನೀರಿನೊಂದಿಗೆ ಗಾಜಿನ ಮೇಲಿಡಬೇಕು. 40ರಿಂದ 100 ಪಟ್ಟು ಹಿಗ್ಗಿಸಿದರೆ ಸಾಕು. ಕ್ರಿಪ್ಟೋಕ್ಯಾರಿಯನ್ ದುಂಡಗೆ, ಸುತ್ತಲೂ ರೋಮ ಆಡಿಸುತ್ತ ನಿಧಾನವಾಗಿ ಉರುಳುತ್ತದೆ. ವೆಲ್ವೆಟ್ ಕಡುಬಣ್ಣದ್ದು, ಅಂಟಿಕೊಂಡು ಅಲುಗಾಡದೆ ಕೂತಿರುತ್ತದೆ. ಬ್ರೂಕ್ಲಿನೆಲ್ಲಾ ಚಪ್ಪಟೆಯಾಗಿ ಜಾರಿಕೊಂಡು ಓಡಾಡುತ್ತದೆ. ಮಾದರಿ ಜೀವಂತ ಮೀನಿನದಾಗಿರಬೇಕು. ಸತ್ತು ಗಂಟೆಗಳಾದ ಮೀನನ್ನು ಪರೋಪಜೀವಿಗಳು ಬಿಟ್ಟು ಹೋಗಿರುತ್ತವೆ.

ಸಾಕಣೆಗಾರ: ರೋಗದ ಹೆಸರು ತಿಳಿದ ಮೇಲೆ ಔಷಧವನ್ನು ಇದ್ದ ತೊಟ್ಟಿಗೇ ಹಾಕಿದರೆ ಆಗದೇ?

ವೈದ್ಯ: ತೊಟ್ಟಿಯಲ್ಲಿ ಹವಳ, ಸೀಗಡಿ, ಬಸವನಹುಳು ಇದ್ದರೆ ತಾಮ್ರ ಅವುಗಳನ್ನು ಕೊಲ್ಲುತ್ತದೆ. ಅವಿಲ್ಲದಿದ್ದರೂ ಸುಣ್ಣದ ಅಂಶವಿರುವ ಮರಳು, ಕಲ್ಲು ತಾಮ್ರವನ್ನು ಹೀರಿ ಪ್ರಮಾಣವನ್ನು ನಿಲ್ಲಗೊಡುವುದಿಲ್ಲ. ಆದ್ದರಿಂದ 75ರಿಂದ 100 ಲೀಟರಿನ ಬರಿಗಾಜಿನ ಆಸ್ಪತ್ರೆ ತೊಟ್ಟಿ ಬೇಕು. ಒಳಗೆ ಹೀಟರ್, ಸ್ಪಂಜ್ ಫಿಲ್ಟರ್, ಅಡಗಲು ಪಿವಿಸಿ ಕೊಳವೆಯ ತುಂಡುಗಳು, ಇಷ್ಟೇ. ಸಕ್ರಿಯ ಇದ್ದಿಲು ಔಷಧವನ್ನು ಹೀರುತ್ತದೆ, ಯುವಿ ದೀಪ ಕೆಲವು ಔಷಧಗಳನ್ನು ಒಡೆಯುತ್ತದೆ. ಹೀಗಾಗಿ ಎರಡೂ ಬೇಡ. ಹೊಸ ತೊಟ್ಟಿಯಲ್ಲಿ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಇರುವುದಿಲ್ಲವಾದ್ದರಿಂದ ಒಂದು ಸ್ಪಂಜನ್ನು ಯಾವಾಗಲೂ ಮುಖ್ಯ ತೊಟ್ಟಿಯ ಸಂಪಿನಲ್ಲಿ ಸಿದ್ಧವಾಗಿಟ್ಟಿರಬೇಕು. ಆದರೆ ರೋಗ ಕಾಣಿಸಿಕೊಂಡ ತೊಟ್ಟಿಯ ಸ್ಪಂಜಿನಲ್ಲಿ ಪರೋಪಜೀವಿಯ ಕೋಶವೂ ಇರಬಹುದು. ತಾಮ್ರ ಹಾಕುವ ತೊಟ್ಟಿಗೆ ಅದರಿಂದ ತೊಂದರೆಯಿಲ್ಲ, ಔಷಧವಿಲ್ಲದ ವಿಧಾನಕ್ಕೆ ಅದು ಸಲ್ಲದು. ಕ್ಲೋರಿನ್ ತೆಗೆಯುವ, ಅಮೋನಿಯಾ ಬಂಧಿಸುವ ದ್ರಾವಣಗಳನ್ನು ತಾಮ್ರದ ಜೊತೆ ಬಳಸಬಾರದು. ಅವುಗಳಲ್ಲಿ ಕೆಲವು ತಾಮ್ರದ ವಿಷವನ್ನು ಹೆಚ್ಚಿಸುತ್ತವೆ. ನೀರು ಬದಲಿಸುವುದೇ ಸುರಕ್ಷಿತ.

ಸಾಕಣೆಗಾರ: ಬಿಳಿಚುಕ್ಕೆ ರೋಗಕ್ಕೆ ತಾಮ್ರವನ್ನು ವಾರಗಟ್ಟಲೆ ಇಡಬೇಕೆನ್ನುತ್ತಾರೆ. ಚುಕ್ಕೆ ಮೂರನೇ ದಿನವೇ ಹೋಗುತ್ತದಲ್ಲ?

ವೈದ್ಯ: ಚುಕ್ಕೆ ಹೋಗುವುದು ಪರೋಪಜೀವಿ ಸತ್ತು ಅಲ್ಲ, ಹೊಟ್ಟೆ ತುಂಬಿ. ಅದರ ಬದುಕು ನಾಲ್ಕು ಹಂತದ್ದು. ಮೀನಿನ ಚರ್ಮದ ಮೇಲ್ಪದರದೊಳಗೆ ಹುದುಗಿ 3ರಿಂದ 7 ದಿನ ತಿಂದು ಬೆಳೆಯುತ್ತದೆ. ಆಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಕೆಲವು ಗಂಟೆ ತಳದಲ್ಲಿ ತೆವಳುತ್ತದೆ. ಬಳಿಕ ಕಲ್ಲಿಗೋ ಗಾಜಿಗೋ ಅಂಟಿ ಗಟ್ಟಿ ಕೋಶ ಕಟ್ಟಿಕೊಂಡು ಒಳಗೇ ವಿಭಜನೆಗೊಳ್ಳುತ್ತದೆ. ಸಾಮಾನ್ಯವಾಗಿ 3ರಿಂದ 28 ದಿನಗಳಲ್ಲಿ ಆ ಕೋಶ ಒಡೆದು ನೂರಾರು ಮರಿಗಳು ಹೊರಬರುತ್ತವೆ. ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಮರಿ ಸಾಯುತ್ತದೆ. ತಾಮ್ರ ಕೊಲ್ಲುವುದು ಈ ಈಜುವ ಮರಿಯನ್ನು ಮಾತ್ರ. ಚರ್ಮದೊಳಗಿರುವುದಕ್ಕೂ ಕೋಶದೊಳಗಿರುವುದಕ್ಕೂ ಅದು ತಟ್ಟುವುದಿಲ್ಲ. ಹೀಗಾಗಿ ಎಲ್ಲ ಕೋಶಗಳೂ ಒಡೆದು ಮುಗಿಯುವವರೆಗೆ ತಾಮ್ರ ನೀರಿನಲ್ಲಿರಬೇಕು. ಈ ರೋಗದ ಚಿಕಿತ್ಸೆಯಲ್ಲಿ ಔಷಧದಷ್ಟೇ ಭಾಗ ಕ್ಯಾಲೆಂಡರಿಗೂ ಇದೆ.

ಸಾಕಣೆಗಾರ: ಅಂದರೆ ಪ್ರಮಾಣ ಎಷ್ಟು, ಕಾಲ ಎಷ್ಟು?

ವೈದ್ಯ: ತಾಮ್ರದ ಸಲ್ಫೇಟಿನಂಥ ಅಯಾನು ರೂಪದ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಮತ್ತೊಂದು ಸಂಯುಕ್ತಕ್ಕೆ ಬಂಧಿಸಿದ ಕೀಲೇಟೆಡ್ ತಾಮ್ರದ ಪ್ರಮಾಣ ಇದರ ಹಲವು ಪಟ್ಟು, ಅದನ್ನು ಸೀಸೆಯ ಮೇಲಿನ ಸೂಚನೆಯಂತೆಯೇ ಪಾಲಿಸಬೇಕು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಚ್ಚಿದರೆ ಮೀನು ಸಾಯುತ್ತದೆ, ಇಲ್ಲವೇ ಪರೋಪಜೀವಿ ಬದುಕುತ್ತದೆ. ಪರೀಕ್ಷಾ ಕಿಟ್ ಕೂಡ ಆಯಾ ರೂಪದ ತಾಮ್ರವನ್ನು ಅಳೆಯುವಂಥದ್ದೇ ಆಗಬೇಕು. ಪೂರ್ಣ ಪ್ರಮಾಣವನ್ನು ಎರಡು ಮೂರು ದಿನಗಳಲ್ಲಿ ಹಂತಹಂತವಾಗಿ ಏರಿಸಿ, ದಿನವೂ ಅಳೆದು, ಕನಿಷ್ಠ 3 ವಾರ, ಸಾಧ್ಯವಾದರೆ 30 ದಿನ ಇಳಿಯಗೊಡದೆ ಕಾಯಬೇಕು. ನಡುವೆ ಇಳಿದರೆ ಎಣಿಕೆ ಮತ್ತೆ ಮೊದಲಿನಿಂದ. ಮ್ಯಾಂಡರಿನ್, ಪೈಪ್ ಮೀನು, ಕೆಲವು ಕುಬ್ಜ ಏಂಜೆಲ್‌ಗಳಿಗೆ ತಾಮ್ರ ಒಗ್ಗುವುದಿಲ್ಲ. ತೊರಕೆ, ಶಾರ್ಕ್‌ಗಳಿಗೆ ಅದನ್ನು ಕೊಡಲೇಬಾರದು.

ಸಾಕಣೆಗಾರ: ಆಮದು ಔಷಧ ಸಣ್ಣ ಊರುಗಳಲ್ಲಿ ಸಿಗುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಮೈಲುತುತ್ತ ತಾಮ್ರದ ಸಲ್ಫೇಟೇ ಅಲ್ಲವೇ?

ವೈದ್ಯ: ರಾಸಾಯನಿಕವಾಗಿ ಹೌದು, ಬಳಕೆಗೆ ಅಲ್ಲ. ಮೈಲುತುತ್ತದ ಹರಳಿನ ತೂಕದಲ್ಲಿ ಸುಮಾರು ನಾಲ್ಕನೇ ಒಂದು ಭಾಗ ತಾಮ್ರ. 100 ಲೀಟರ್ ನೀರಿಗೆ ಬೇಕಾದ ತಾಮ್ರ 20 ಮಿಲಿಗ್ರಾಂ, ಅಂದರೆ ಹರಳು 80 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಗೆ ಸಿಕ್ಕುವ ತೂಕ ಇದಲ್ಲ. ತೋಟಕ್ಕೆ ಮಾರುವ ಹರಳಿನಲ್ಲಿ ಬೇರೆ ಲೋಹ ಎಷ್ಟಿದೆ ಎಂಬ ಖಾತರಿಯೂ ಇರುವುದಿಲ್ಲ. ಸಾಲದ್ದಕ್ಕೆ ಉಪ್ಪುನೀರಿನ ಕಾರ್ಬೊನೇಟ್ ಜೊತೆ ಸೇರಿ ತಾಮ್ರ ತಳಕ್ಕಿಳಿಯುತ್ತ ಹೋಗುತ್ತದೆ. ಶುದ್ಧ ಪ್ರಯೋಗಾಲಯ ದರ್ಜೆಯ ಹರಳು, ಮಿಲಿಗ್ರಾಂ ತಕ್ಕಡಿ, ನಂಬಲರ್ಹ ಕಿಟ್ ಮೂರೂ ಇಲ್ಲದಿದ್ದರೆ ತಾಮ್ರದ ದಾರಿ ಬಿಟ್ಟು ಬೇರೆ ವಿಧಾನ ಹಿಡಿಯುವುದು ಒಳ್ಳೆಯದು.

ಸಾಕಣೆಗಾರ: ತಾಮ್ರವಿಲ್ಲದ ವಿಧಾನಗಳು ಯಾವುವು?

ವೈದ್ಯ: ಬಿಳಿಚುಕ್ಕೆ ರೋಗಕ್ಕೆ ಎರಡಿವೆ. ಮೊದಲನೆಯದು ಉಪ್ಪಿಳಿಸುವುದು. ಸಮುದ್ರದ ಮೂಳೆಮೀನಿನ ರಕ್ತದ ಲವಣಾಂಶ ಸಮುದ್ರದ ಸುಮಾರು ಮೂರನೇ ಒಂದು ಭಾಗ. ಅದು ಸದಾ ನೀರು ಕಳೆದುಕೊಳ್ಳುತ್ತ, ಸಮುದ್ರದ ನೀರು ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತಿರುತ್ತದೆ. ತೊಟ್ಟಿಯ ಸಾಂದ್ರತೆಯನ್ನು ಎರಡು ದಿನಗಳಲ್ಲಿ 1.009ಕ್ಕೆ ಇಳಿಸಿದರೆ ಲವಣಾಂಶ ಸಾವಿರಕ್ಕೆ 12ರಿಂದ 13ರಷ್ಟಾಗಿ ಮೀನಿನ ರಕ್ತಕ್ಕೆ ಹತ್ತಿರ ಬರುತ್ತದೆ. ಮೀನಿಗೆ ಶ್ರಮ ತಗ್ಗುತ್ತದೆ, ಪರೋಪಜೀವಿಯ ಕೋಶ ಉಳಿಯುವುದಿಲ್ಲ. ಕೊನೆಯ ಚುಕ್ಕೆ ಮಾಯವಾದ ಮೇಲೂ 30 ದಿನ ಇದೇ ಸಾಂದ್ರತೆ ಇರಬೇಕು. 1.011 ಆದರೂ ಪರವಾಗಿಲ್ಲ ಎನ್ನುವಂತಿಲ್ಲ. ಹಾಗಾಗಿ ತೇಲುವ ಹೈಡ್ರೋಮೀಟರ್ ಬಿಟ್ಟು ಸರಿಹೊಂದಿಸಿದ ರಿಫ್ರಾಕ್ಟೋಮೀಟರ್ ಬಳಸಬೇಕು. ಪಿಎಚ್ ಇಳಿಯುವ ಪ್ರವೃತ್ತಿ ಇರುವುದರಿಂದ ಅಡುಗೆಸೋಡಾ ಹಾಕಿ ಕಾಯಬೇಕಾಗುತ್ತದೆ. ಉಪ್ಪನ್ನು ಮತ್ತೆ ಏರಿಸುವಾಗ ಇಳಿಸಿದ್ದಕ್ಕಿಂತ ನಿಧಾನವಾಗಿ, ವಾರಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳಬೇಕು. ಕಡಿಮೆ ಉಪ್ಪನ್ನೂ ತಾಳುವ ತಳಿಗಳು ಅಲ್ಲಲ್ಲಿ ವರದಿಯಾಗಿರುವುದರಿಂದ ಚುಕ್ಕೆ ಹೋಗದಿದ್ದರೆ ವಿಧಾನ ಬದಲಿಸಬೇಕು.

ಎರಡನೆಯದು ತೊಟ್ಟಿ ಬದಲಿಸುವುದು. ಕೋಶ ಒಡೆಯಲು ಕನಿಷ್ಠ ಮೂರು ದಿನ ಬೇಕೆಂಬುದೇ ಇದರ ಆಧಾರ. ಪ್ರತಿ 72 ಗಂಟೆಯೊಳಗೆ ಮೀನನ್ನು ಪೂರ್ತಿ ಒಣಗಿಸಿಟ್ಟಿದ್ದ ಬೇರೆ ತೊಟ್ಟಿಗೆ ಸಾಗಿಸಿದರೆ ಉದುರಿದ ಪರೋಪಜೀವಿ ಹಿಂದೆಯೇ ಉಳಿಯುತ್ತದೆ. ಹೀಗೆ ನಾಲ್ಕು ಸಲ ಬದಲಿಸುವುದರೊಳಗೆ ಚರ್ಮದಲ್ಲಿದ್ದವೆಲ್ಲ ಹೊರಬಿದ್ದಿರುತ್ತವೆ. ಬಲೆ, ಹೀಟರ್, ಗಾಳಿಕಲ್ಲು ಯಾವುದೂ ಒದ್ದೆಯಾಗಿ ಮುಂದಿನ ತೊಟ್ಟಿಗೆ ಹೋಗಬಾರದು. ಔಷಧವಿಲ್ಲದ ಈ ಕ್ರಮ ತಾಮ್ರ ಒಗ್ಗದ ಮೀನುಗಳಿಗೂ ಹೊಂದುತ್ತದೆ.

ಸಾಕಣೆಗಾರ: ಈ ವಿಧಾನಗಳು ವೆಲ್ವೆಟ್‌ಗೂ ನಡೆಯುತ್ತವೆಯೇ?

ವೈದ್ಯ: ಇಲ್ಲ, ಅದಕ್ಕೇ ಗುರುತು ಮೊದಲು, ಔಷಧ ಆಮೇಲೆ. ವೆಲ್ವೆಟ್ ಹಿನ್ನೀರಿನಷ್ಟು ತೆಳುವಾದ ಉಪ್ಪಿನಲ್ಲೂ ಬದುಕುತ್ತದೆ. ತೊಟ್ಟಿ ಬದಲಿಸುವ ಕ್ರಮದ ಲೆಕ್ಕಕ್ಕೂ ಅದು ಸಿಗುವುದಿಲ್ಲ. ಒಂದೊಂದು ಕೋಶವೂ 256ರವರೆಗೆ ಮರಿ ಬಿಡಬಲ್ಲದು. ಗುಮಾನಿ ಬಂದ ದಿನವೇ ತಾಮ್ರದ ತೊಟ್ಟಿಗೆ ಹಾಕಬೇಕು, ಇಲ್ಲವೇ ಲೀಟರಿಗೆ 10ರಿಂದ 15 ಮಿಲಿಗ್ರಾಂ ಕ್ಲೋರೋಕ್ವಿನ್ ಫಾಸ್ಫೇಟ್ ಬಳಸಬೇಕು. ಅದಕ್ಕೆ ಮೊದಲು ಐದು ನಿಮಿಷದ ಸಿಹಿನೀರಿನ ಸ್ನಾನ ಕಿವಿರಿನ ಭಾರವನ್ನು ಸ್ವಲ್ಪ ಇಳಿಸುತ್ತದೆ. ಆ ನೀರಿನ ಉಷ್ಣಾಂಶ, ಪಿಎಚ್ ಎರಡೂ ತೊಟ್ಟಿಯದಕ್ಕೆ ಸಮವಾಗಿರಬೇಕು, ಗಾಳಿ ಬಿಡುತ್ತಿರಬೇಕು. ಮಂದ ಬೆಳಕು, ಹೇರಳ ಗಾಳಿ ಮೊದಲ ಎರಡು ದಿನ ಔಷಧದಷ್ಟೇ ಮುಖ್ಯ.

ಸಾಕಣೆಗಾರ: ಕ್ಲೌನ್ ಮೀನಿನ ಲೋಳೆ ರೋಗಕ್ಕೆ?

ವೈದ್ಯ: ಬ್ರೂಕ್ಲಿನೆಲ್ಲಾಗೆ ತಾಮ್ರ ನಾಟುವುದಿಲ್ಲ. ಅದು ಕೋಶ ಕಟ್ಟದೆ ಮೀನಿನ ಮೈಮೇಲೆಯೇ ಎರಡಾಗಿ ಒಡೆದು ಹೆಚ್ಚುವುದರಿಂದ ದಿನಗಳಲ್ಲಿ ಮೀನನ್ನು ಮುಗಿಸುತ್ತದೆ. ಮದ್ದು ಫಾರ್ಮಲಿನ್ ಸ್ನಾನ. ಶೇಕಡಾ 37ರ ದ್ರಾವಣವನ್ನು ಲೀಟರಿಗೆ 0.15ರಿಂದ 0.25 ಮಿಲಿಲೀಟರ್ ಹಾಕಿ 30ರಿಂದ 60 ನಿಮಿಷ ಬಿಡಬೇಕು. ನೀರು ಬೆಚ್ಚಗಿದ್ದಷ್ಟೂ ಕೆಳಗಿನ ಅಳತೆಯೇ ಸಾಕು. ಫಾರ್ಮಲಿನ್ ಆಮ್ಲಜನಕವನ್ನು ತಿನ್ನುವುದರಿಂದ ಗಾಳಿಪಂಪು ಓಡುತ್ತಿರಬೇಕು, ಮೀನು ಮಗುಚಿದ ಕೂಡಲೇ ಹೊರತೆಗೆಯಬೇಕು. ಸ್ನಾನವಾದ ಮೀನು ಹಳೆಯ ನೀರಿಗೆ ಮರಳದೆ ಶುದ್ಧ ತೊಟ್ಟಿಗೆ ಹೋಗಬೇಕು. ಮನುಷ್ಯರಿಗೆ ಫಾರ್ಮಲಿನ್ ಕ್ಯಾನ್ಸರ್‌ಕಾರಕ. ಕೈಗವಸು, ತೆರೆದ ಕಿಟಕಿ ಕಡ್ಡಾಯ, ಸೀಸೆಯ ತಳದಲ್ಲಿ ಬಿಳಿ ಗಷ್ಟು ಕಂಡರೆ ಎಸೆಯಬೇಕು. ಫಾರ್ಮಲಿನ್ ಸಿಗದಲ್ಲಿ ಮೆಟ್ರೊನಿಡಜೋಲ್ ಬದಲಿ.

ಸಾಕಣೆಗಾರ: ಫ್ಲೂಕ್ ಇದೆಯೆಂದು ಖಚಿತಪಡಿಸಿಕೊಳ್ಳುವುದು ಹೇಗೆ?

ವೈದ್ಯ: ಅಲ್ಲಿ ಸಿಹಿನೀರಿನ ಸ್ನಾನವೇ ಪರೀಕ್ಷೆ. ಮೈಮೇಲೆ ಪಾರದರ್ಶಕವಾಗಿ ಅಡಗಿದ್ದ ನಿಯೋಬೆನಿಡೀನಿಯಾದಂಥ ಹುಳು ಸಿಹಿನೀರಿನಲ್ಲಿ ಬೆಳ್ಳಗಾಗಿ ಉದುರುತ್ತದೆ. ಪಾತ್ರೆಯ ತಳ ಕಪ್ಪಾಗಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಔಷಧ ಪ್ರಾಜಿಕ್ವಾಂಟೆಲ್, ಲೀಟರಿಗೆ 2ರಿಂದ 2.5 ಮಿಲಿಗ್ರಾಂ. ಅದು ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಕೊಲ್ಲುವುದಿಲ್ಲ. ಹಾಗಾಗಿ 5ರಿಂದ 8 ದಿನ ಬಿಟ್ಟು, ಮರಿಗಳು ಹೊರಬಂದು ಮತ್ತೆ ಮೊಟ್ಟೆಯಿಡುವ ಮುಂಚೆ, ಎರಡನೇ ಸಲ ಕೊಡಬೇಕು.

ಸಾಕಣೆಗಾರ: ಪರೋಪಜೀವಿಯಲ್ಲದ ಕಾಯಿಲೆಗಳು?

ವೈದ್ಯ: ಲಿಂಫೋಸಿಸ್ಟಿಸ್‌ಗೆ ಔಷಧವಿಲ್ಲ. ನೀರು ಚೊಕ್ಕಟವಾಗಿ, ಮೇವು ಚೆನ್ನಾಗಿ, ಕಾಟ ಕೊಡುವ ಜೊತೆಗಾರನಿಲ್ಲದೆ ಇದ್ದರೆ ಅದು ತಾನಾಗಿ ಕರಗುತ್ತದೆ. ಟ್ಯಾಂಗ್, ಏಂಜೆಲ್ ಮೀನುಗಳ ತಲೆಯ ಮೇಲೂ ಪಾರ್ಶ್ವರೇಖೆಯುದ್ದಕ್ಕೂ ಚರ್ಮ ಸವೆಯುವ ತೊಂದರೆಗೆ ಸಕ್ರಿಯ ಇದ್ದಿಲಿನ ನುಣುಪು ಪುಡಿಯ ಸಂಬಂಧ ಕಂಡುಬಂದಿದೆ. ಇದ್ದಿಲು ತೆಗೆದು, ಒಣ ಕಡಲಕಳೆ ಸೇರಿಸಿದ ಮೇವು ಕೊಡುವುದು ಕ್ರಮ. ಒಂದು ಕಣ್ಣು ಮಾತ್ರ ಉಬ್ಬಿದ್ದರೆ ಬಹುತೇಕ ಪೆಟ್ಟು, ಎರಡೂ ಉಬ್ಬಿದ್ದರೆ ಒಳಗಿನ ಸೋಂಕು. ಈಜುರೆಕ್ಕೆ ಕೊಳೆಯುವುದು, ಹುಣ್ಣಿನ ಅಂಚು ಕೆಂಪಾಗಿ ಹರಡುವುದು ವಿಬ್ರಿಯೊದಂಥ ಬ್ಯಾಕ್ಟೀರಿಯಾದ ಲಕ್ಷಣ. ಅಲ್ಲಿ ಆಂಟಿಬಯೋಟಿಕ್ ಬೇಕಾಗಬಹುದು, ಆದರೆ ಪಶುವೈದ್ಯರ ಸಲಹೆಯಂತೆ, ಪೂರ್ಣ ಅವಧಿಗೆ, ಆಸ್ಪತ್ರೆ ತೊಟ್ಟಿಯಲ್ಲಿ ಮಾತ್ರ. ಅರ್ಧಕ್ಕೆ ನಿಲ್ಲಿಸಿದರೆ ಮದ್ದಿಗೆ ಬಗ್ಗದ ತಳಿ ಬೆಳೆಯುತ್ತದೆ. ಯುರೋನೀಮಾ ಮಾಂಸಕ್ಕಿಳಿದ ಮೇಲೆ ಬದುಕುವ ಮೀನು ಅಪರೂಪ.

ಸಾಕಣೆಗಾರ: ಬೆಳ್ಳುಳ್ಳಿ ರಸದಲ್ಲಿ ನೆನೆಸಿದ ಮೇವು, ಚೊಕ್ಕಟ ಮಾಡುವ ಸೀಗಡಿ, ಯುವಿ ದೀಪ ಇವುಗಳಿಂದಲೇ ಗುಣವಾಯಿತೆನ್ನುವವರಿದ್ದಾರೆ.

ವೈದ್ಯ: ಬೆಳ್ಳುಳ್ಳಿಯ ವಾಸನೆಗೆ ಮೀನು ಮೇವು ಮುಟ್ಟಬಹುದು, ಅಷ್ಟರಮಟ್ಟಿಗೆ ಉಪಯೋಗ. ಸೀಗಡಿ, ಕ್ಲೀನರ್ ರಾಸ್ ಮೇಲ್ಮೈಯ ಹುಳುವನ್ನು ಹೆಕ್ಕಬಲ್ಲವು, ಚರ್ಮದೊಳಗೆ ಹುದುಗಿದ ಚುಕ್ಕೆಯನ್ನು ತೆಗೆಯಲಾರವು. ಯುವಿ ತನ್ನ ಕೊಳವೆಯೊಳಗೆ ಹಾದುಹೋದ ಮರಿಯನ್ನಷ್ಟೇ ಕೊಲ್ಲುತ್ತದೆ. ಚುಕ್ಕೆ ತಾನಾಗಿ ಉದುರುವ ದಿನಕ್ಕೆ ಸರಿಯಾಗಿ ಇವುಗಳಲ್ಲೊಂದು ಸೇರಿದರೆ ಕೀರ್ತಿ ಅದಕ್ಕೆ ಹೋಗುತ್ತದೆ. ಒಮ್ಮೆ ಸೋಂಕಿಗೆ ಸಿಕ್ಕಿ ಬದುಕಿದ ಮೀನಿಗೆ ತುಸು ಪ್ರತಿರೋಧ ಬರುವುದೂ ನಿಜ. ಅಂಥ ಮೀನು ಚುಕ್ಕೆಯಿಲ್ಲದೆಯೇ ಪರೋಪಜೀವಿಯನ್ನು ಉಳಿಸಿಕೊಂಡು ಹೊಸ ಮೀನಿಗೆ ದಾಟಿಸಬಹುದು.

ಸಾಕಣೆಗಾರ: ಮೀನುಗಳೆಲ್ಲ ಆಸ್ಪತ್ರೆ ತೊಟ್ಟಿಯಲ್ಲಿರುವಾಗ ಮುಖ್ಯ ತೊಟ್ಟಿಯನ್ನು ಏನು ಮಾಡಬೇಕು?

ವೈದ್ಯ: ಒಂದೂ ಮೀನಿಲ್ಲದೆ ಬೀಳು ಬಿಡಬೇಕು. ಚುಕ್ಕೆ ಕಾಣದ ಮೀನನ್ನೂ ತೆಗೆಯಲೇಬೇಕು. ಹವಳ, ಸೀಗಡಿ ಅಲ್ಲೇ ಇರಬಹುದು, ಅವುಗಳ ಮೇಲೆ ಈ ಪರೋಪಜೀವಿಗಳು ಬೆಳೆಯುವುದಿಲ್ಲ. ಬಿಳಿಚುಕ್ಕೆಯ ಕೋಶ ಅತಿ ತಡವಾಗಿ ಒಡೆದ ದಾಖಲೆ 72 ದಿನ. ಅದಕ್ಕೆ ನಾಲ್ಕು ದಿನ ಸೇರಿಸಿ 76 ದಿನ ಖಾಲಿ ಬಿಡುವುದು ರೂಢಿ. ವೆಲ್ವೆಟ್‌ಗೆ ಆರು ವಾರ ಸಾಕು. ಅವಧಿಯುದ್ದಕ್ಕೂ ನೀರು ಬೆಚ್ಚಗಿರಬೇಕು, ತಣ್ಣಗಾದರೆ ಕೋಶ ಒಡೆಯುವುದೇ ತಡವಾಗುತ್ತದೆ. ಫಿಲ್ಟರಿನ ಬ್ಯಾಕ್ಟೀರಿಯಾ ಸಾಯದಂತೆ ಚಿಟಿಕೆ ಮೇವು ಹಾಕುತ್ತಿರಬೇಕು.

ಸಾಕಣೆಗಾರ: ಚಿಕಿತ್ಸೆಗೂ ಮೀರಿದ ಮೀನನ್ನು?

ವೈದ್ಯ: ನರಳಲು ಬಿಡುವುದಾಗಲಿ, ಫ್ರೀಜರಿಗೆ ಹಾಕುವುದಾಗಲಿ ಸರಿಯಲ್ಲ. ಲವಂಗದ ಎಣ್ಣೆಯನ್ನು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಕುಲುಕಿ, ಲೀಟರಿಗೆ ಸುಮಾರು 0.4 ಮಿಲಿಲೀಟರಿನಂತೆ ಮೀನಿರುವ ಪಾತ್ರೆಗೆ ಬೆರೆಸಿದರೆ ಮೀನು ಮೊದಲು ಮಂಪರಿಗೆ ಜಾರಿ ಆಮೇಲೆ ಉಸಿರು ನಿಲ್ಲಿಸುತ್ತದೆ. ಕಿವಿರು ನಿಂತ ಮೇಲೂ ಕನಿಷ್ಠ 10 ನಿಮಿಷ ಅಲ್ಲೇ ಇರಿಸಬೇಕು.

ಸಾಕಣೆಗಾರ: ಇಷ್ಟೆಲ್ಲ ಪಾಡು ಪಡದಿರಲು ದಾರಿ?

ವೈದ್ಯ: ಹೊಸ ಮೀನು ಬಂದ ದಿನವೇ ನೇರ ಮುಖ್ಯ ತೊಟ್ಟಿಗೆ ಹೋಗದಿರುವುದು. ಕನಿಷ್ಠ 30 ದಿನ ಬೇರೆ ತೊಟ್ಟಿಯಲ್ಲಿ ಇಟ್ಟು, ಮೇವು ತಿನ್ನುವುದನ್ನು ಖಚಿತಪಡಿಸಿಕೊಂಡು, ತಾಮ್ರವನ್ನೂ ಪ್ರಾಜಿಕ್ವಾಂಟೆಲನ್ನೂ ಒಂದಾದ ಮೇಲೊಂದರಂತೆ ಕೊಡಬಹುದು. ತೊಟ್ಟಿಗೊಂದು ಬಲೆ, ತೊಟ್ಟಿಗೊಂದು ಬಕೆಟ್ ಇರಬೇಕು. ಹವಳದ ತುಂಡು, ಕಲ್ಲು, ಬಸವನಹುಳುವಿನ ಚಿಪ್ಪು ಕೂಡ ಕೋಶವನ್ನು ಹೊತ್ತು ತರಬಲ್ಲವು. ಮೀನಿದ್ದ ತೊಟ್ಟಿಯಿಂದ ತಂದ ಇಂಥವನ್ನು ಖಾಲಿ ತೊಟ್ಟಿಗೆ ಹೇಳಿದ 76 ದಿನಗಳಷ್ಟೇ ಕಾಲ, ಮೀನಿಲ್ಲದ ಇನ್ನೊಂದು ಸಣ್ಣ ತೊಟ್ಟಿಯಲ್ಲಿಟ್ಟು ಒಳಗೆ ಬಿಡಬೇಕು.